ಒಂದೇ ದೇಶಕ್ಕೆ ಜರ್ಮನಿ, ಅಲ್‌ಮಾನ್ಯ್, ನ್ಯೆಮ್ತ್ಸಿ, ಸಕ್ಸ: ಇಷ್ಟೊಂದು ಹೆಸರು ಯಾಕೆ?

ಪದಬೇಟೆ:
ಫ್ರಾನ್ಸ್ ಯುರೋಪಿನ ಯಾವ ಭಾಷೆಗೆ ಹೋದರೂ ಹೆಚ್ಚೂಕಮ್ಮಿ ಫ್ರಾನ್ಸೇ. ಇಟಲಿನೂ ಅಷ್ಟೇ. ಪಕ್ಕದ ಜರ್ಮನಿಯ ಕಥೆ ಮಾತ್ರ ಬೇರೆ. ಅಲ್ಲಿನವರು ತಮ್ಮ ದೇಶವನ್ನು ಡಾಯ್ಚ್‌ಲಾಂಡ್ ಅನ್ನುತ್ತಾರೆ. ರೈನ್ ನದಿ ದಾಟಿ ಫ್ರಾನ್ಸಿಗೆ ಕಾಲಿಟ್ಟರೆ ಅದೇ ದೇಶ ಅಲ್‌ಮಾನ್ಯ್. ಪೂರ್ವಕ್ಕೆ ಪೋಲೆಂಡಿಗೆ ಹೋದರೆ ನ್ಯೆಮ್ತ್ಸಿ. ಫಿನ್ಲೆಂಡಿನವರಿಗೆ ಸಕ್ಸ. ಲಾಟ್ವಿಯಾದವರಿಗೆ ವಾಟ್ಸಿಯಾ. ನಾವು ಇಂಗ್ಲಿಷಿನಿಂದ ಎತ್ತಿಕೊಂಡ ಜರ್ಮನಿ ಆರನೆಯದು. ಒಂದೇ ಪದವನ್ನು ಆರು ಥರ ಉಚ್ಚರಿಸಿದ್ದಾರೆ ಅಂದುಕೊಳ್ಳಬೇಡಿ, ಆರರ ಬೇರೂ ಬೇರೆ ಬೇರೆ.

ಸುಮ್ನೆ ಕುತೂಹಲಕ್ಕೆ ಹುಡುಕಲು ಶುರುಮಾಡಿದವನು ಒಂದು ವಾರದಿಂದ ಇದರಲ್ಲೇ ಬಿದ್ದಿದ್ದೇನೆ. ನನಗೆ ತೋಚಿದ್ದು ಇಷ್ಟು. ಜರ್ಮನಿ ಅಂತ ಒಂದೇ ಆಡಳಿತದ ದೇಶ ಹುಟ್ಟಿದ್ದು 1871ರಲ್ಲಿ. ಅದಕ್ಕೂ ಮೊದಲು ಅಲ್ಲಿ ಇದ್ದದ್ದು ಡಜನ್‌ಗಟ್ಟಲೆ ರಾಜ್ಯಗಳು, ಇನ್ನೂ ಹಿಂದೆ ಹೋದರೆ ಬುಡಕಟ್ಟುಗಳು. ಹೆಸರಿಡಬೇಕು ಅಂದರೆ ದೇಶವೇ ಇರಲಿಲ್ಲ. ಹಾಗಾಗಿ ಅಕ್ಕಪಕ್ಕದವರು ತಮ್ಮ ಬೇಲಿಯಾಚೆ ಮೊದಲು ಯಾರು ಕಂಡರೋ ಅವರ ಹೆಸರನ್ನೇ ಹಿಂದಿದ್ದ ಎಲ್ಲರಿಗೂ ಅಂಟಿಸಿಬಿಟ್ಟರು.

ಫ್ರೆಂಚರದ್ದನ್ನೇ ನೋಡಿ. ಮೂರನೆಯ ಶತಮಾನದಿಂದ ರೈನ್ ನದಿಯ ಮೇಲ್ಭಾಗದಲ್ಲಿ, ಅಂದರೆ ಈಗಿನ ನೈರುತ್ಯ ಜರ್ಮನಿಯಲ್ಲಿ, ಅಲಮನ್ನಿ ಅಂತ ಒಂದು ಗುಂಪು ಇತ್ತು. ಹೆಸರಿನ ಅರ್ಥ 'ಎಲ್ಲಾ ಜನ' ಅಂತ. ನಾನಾ ಕಡೆಯಿಂದ ಬಂದು ಕಲೆತ ಮಂದಿ ಅಂತ ಆಗಿನ ಕಾಲದ ಬರಹಗಾರನೊಬ್ಬನೇ ವಿವರಿಸಿದ್ದಾನೆ. ಗಾಲ್, ಅಂದರೆ ಈಗಿನ ಫ್ರಾನ್ಸ್ ಕಡೆಯವರಿಗೆ ಎದುರಾಗುತ್ತಿದ್ದದ್ದು ಇವರೇ. ಅಲ್ಲಿಂದ ಫ್ರೆಂಚಿನ ಅಲ್‌ಮಾನ್ಯ್, ಸ್ಪ್ಯಾನಿಷಿನ ಅಲೆಮಾನಿಯಾ, ತುರ್ಕಿಯ ಅಲ್ಮಾನ್ಯಾ, ಅರಬ್ಬಿಯ ಅಲ್ಮಾನಿಯಾ, ಪರ್ಷಿಯನ್ನಿನ ಆಲ್ಮಾನ್ ಎಲ್ಲಾ ಬಂದವು. ತಮಾಷೆ ಏನು ಗೊತ್ತಾ? ಆ ಅಲಮನ್ನಿಗಳ ವಂಶದವರು, ಅವರ ನುಡಿಯ ಇವತ್ತಿನ ರೂಪವನ್ನು ಆಡುವವರು, ಸ್ವಿಟ್ಜರ್ಲೆಂಡಿನಲ್ಲಿ ಇದ್ದಾರೆ, ಫ್ರಾನ್ಸಿನ ಒಳಗೇ ಇರುವ ಅಲ್ಸಾಸ್‌ನಲ್ಲೂ ಇದ್ದಾರೆ. ಅಲ್ಸಾಸ್‌ನ ಅಜ್ಜಿಯೊಬ್ಬರು ನದಿಯಾಚೆ ಕೈತೋರಿಸಿ 'ಅದು ಅಲ್‌ಮಾನ್ಯ್' ಅಂದರೆ ಆ ಹೆಸರಿನ ನಿಜವಾದ ವಾರಸುದಾರರು ಕೈತೋರಿಸಿದ ಅಜ್ಜಿಯೇ!

ಸುಮ್ನೆ ಓದ್ತೀನಿ:
ಚೆನ್ನಾಗಿದೆ. ಹಾಗಾದರೆ ಡಾಯ್ಚ್ ಅನ್ನುವುದು ಯಾವ ಬುಡಕಟ್ಟು?

ಪದಬೇಟೆ:
ಯಾವ ಬುಡಕಟ್ಟೂ ಅಲ್ಲ, ಅಲ್ಲೇ ಮಜಾ ಇರುವುದು. ಹಳೆಯ ಜರ್ಮನ್ ನುಡಿಯಲ್ಲಿ 'ದಿಯೋತ್' ಅಂದರೆ ಜನ. 'ದಿಯುತಿಸ್ಕ್' ಅಂದರೆ ಜನರದ್ದು, ಜನ ಆಡುವಂಥದ್ದು. ಚರ್ಚಿನಲ್ಲಿ, ಕಾಗದಪತ್ರದಲ್ಲಿ ಎಲ್ಲಾ ಲ್ಯಾಟಿನ್. ಅದು ಬಿಟ್ಟು ಬೀದಿಯಲ್ಲಿ ಜನ ಆಡುತ್ತಿದ್ದ ಮಾತಿಗೆ ಈ ಹೆಸರು. ಅಂದರೆ ಮೊದಲು ಇದು ಭಾಷೆಗೂ ಹೆಸರಲ್ಲ, 'ಆಡುಮಾತು' ಅಂತ ಅಷ್ಟೇ. ಆಮೇಲೆ ಆ ಮಾತು ಆಡುವವರಿಗೆ ಹೆಸರಾಯಿತು, ಕೊನೆಗೆ ಅವರ ನೆಲಕ್ಕೆ. ಸಾಮಾನ್ಯವಾಗಿ ನೆಲದಿಂದ ಜನಕ್ಕೆ, ಜನದಿಂದ ಭಾಷೆಗೆ ಹೆಸರು ಬರುತ್ತದೆ ಅಲ್ವಾ, ಇಲ್ಲಿ ಪೂರ್ತಿ ಉಲ್ಟಾ.

ಈ ಪದದ ಲ್ಯಾಟಿನ್ ರೂಪ 'ಥಿಯೊಡಿಸ್ಕುಸ್'. ಅದು ಮೊದಲು ಸಿಗುವುದು 786ರ ಒಂದು ಕಾಗದದಲ್ಲಿ. ಪೋಪ್‌ಗೆ ಅವನ ಪ್ರತಿನಿಧಿ ಬರೆದ ವರದಿ ಅದು. ಚರ್ಚಿನ ಸಭೆಯ ತೀರ್ಮಾನಗಳನ್ನು ಎಲ್ಲರಿಗೂ ತಿಳಿಯಲಿ ಅಂತ ಲ್ಯಾಟಿನ್‌ನಲ್ಲೂ ಜನರ ಮಾತಿನಲ್ಲೂ ಓದಿಸಿದೆವು ಅಂತ ಬರೆದಿದ್ದಾನೆ. ಸಭೆ ನಡೆದದ್ದು ಎಲ್ಲಿ? ಇಂಗ್ಲೆಂಡಿನಲ್ಲಿ! ಅಂದರೆ 'ಡಾಯ್ಚ್' ಪದ ಕಾಗದದ ಮೇಲೆ ಮೊದಲ ಸಲ ಕಂಡದ್ದು ಹಳೆಯ ಇಂಗ್ಲಿಷಿನ ಹೆಸರಾಗಿ.

ಎರಡು ವರ್ಷ ಬಿಟ್ಟು, 788ರಲ್ಲಿ, ಬವೇರಿಯಾದ ದೊರೆ ಟಾಸಿಲೋನನ್ನು ಇಂಗೆಲ್‌ಹೈಮ್‌ನಲ್ಲಿ ವಿಚಾರಣೆಗೆ ನಿಲ್ಲಿಸಿದರು. ರಾಜನ ದಂಡಿನಿಂದ ನಡುವೆಯೇ ಕಾಲು ಕಿತ್ತ ಅನ್ನುವುದು ಅವನ ಮೇಲಿನ ದೂರು. ಆ ಅಪರಾಧಕ್ಕೆ ಥಿಯೊಡಿಸ್ಕ್ ಮಾತಿನಲ್ಲಿ 'ಹರಿಸ್ಲಿಸ್' ಅನ್ನುತ್ತಾರೆ ಅಂತ ಆಸ್ಥಾನದ ದಾಖಲೆ ಬರೆದವನು ಸೇರಿಸಿದ್ದಾನೆ. ದಂಡು ಒಡೆಯುವುದು ಅಂತ ಅರ್ಥ. ಇಡೀ ಲ್ಯಾಟಿನ್ ಬರಹದ ನಡುವೆ ಆ ಒಂದೇ ಒಂದು ಪದ ಹಳ್ಳಿಯವನ ಹಾಗೆ ನಿಂತಿದೆ.

ಗ್ರಂಥಾಲಯದ ಬೆಕ್ಕು:
842ರ ಸ್ಟ್ರಾಸ್‌ಬರ್ಗ್ ಪ್ರಮಾಣವನ್ನು ಬಿಟ್ಟಿರಲ್ಲ. ಚಕ್ರವರ್ತಿ ಶಾರ್ಲೆಮೇನ್‌ನ ಮೊಮ್ಮಕ್ಕಳಿಬ್ಬರು ಅಣ್ಣನ ವಿರುದ್ಧ ಒಂದಾಗುತ್ತೇವೆ ಅಂತ ಆಣೆ ಮಾಡಿದರು. ಪೂರ್ವದ ಲೂಯಿ ಪಶ್ಚಿಮದವರ ಮಾತಿನಲ್ಲಿ, ಪಶ್ಚಿಮದ ಚಾರ್ಲ್ಸ್ ಪೂರ್ವದವರ ಮಾತಿನಲ್ಲಿ. ಚಾರ್ಲ್ಸ್‌ನ ಸೈನಿಕರಿಗೆ ಲೂಯಿಯ ಮಾತು ಅರ್ಥವಾಗಲಿ, ಲೂಯಿಯ ಸೈನಿಕರಿಗೆ ಚಾರ್ಲ್ಸ್‌ನದು ಅಂತ. ಒಂದು ಮಾತು ಮುಂದೆ ಫ್ರೆಂಚ್ ಆಯಿತು, ಇನ್ನೊಂದನ್ನು ಬರೆದವನು 'ಟಿಯುಡಿಸ್ಕ' ಅಂದಿದ್ದಾನೆ.

ಇನ್ನೊಂದು ವಿಷಯ. ಇಂಗ್ಲಿಷಿನವರು ನೆದರ್ಲೆಂಡ್ಸ್ ಜನರನ್ನು 'ಡಚ್' ಅನ್ನುತ್ತಾರಲ್ಲ, ಅದೂ ಇದೇ ಪದ. ಮೊದಲು ಆ ಕಡೆಯವರೆಲ್ಲರಿಗೂ ಅದೇ ಹೆಸರಿತ್ತು. ಆಮೇಲೆ ಸಮುದ್ರದಾಚೆ ಹತ್ತಿರ ಸಿಕ್ಕಿದವರಿಗೆ ಮಾತ್ರ ಉಳಿಯಿತು. ಅಮೆರಿಕದಲ್ಲಿ 'ಪೆನ್ಸಿಲ್ವೇನಿಯಾ ಡಚ್' ಅನ್ನುವವರ ಹಿರಿಯರು ಬಂದದ್ದು ಜರ್ಮನ್ ಮಾತಿನ ನಾಡುಗಳಿಂದ. ನೆದರ್ಲೆಂಡ್ಸ್‌ನ ರಾಷ್ಟ್ರಗೀತೆಯ ಶುರುವಿನಲ್ಲೇ ನಾಯಕ ತನ್ನದು 'ಡಾಯ್ಟ್ಸ್' ರಕ್ತ ಅನ್ನುತ್ತಾನೆ. ಇವತ್ತಿನ ಡಚ್ ಭಾಷೆಯಲ್ಲಿ ಆ ಪದಕ್ಕೆ ಜರ್ಮನ್ ಅಂತಲೇ ಅರ್ಥ. ಶಾಲೆಯ ಮಕ್ಕಳಿಗೆ ಪ್ರತೀ ಸಲ ವಿವರಿಸಬೇಕು ಪಾಪ.

ಇಟಲಿಯವರದ್ದು ಇನ್ನೂ ಮಜಾ. ದೇಶಕ್ಕೆ ಜೆರ್ಮಾನಿಯಾ, ಅಲ್ಲಿನ ಜನಕ್ಕೂ ಮಾತಿಗೂ ಟೆಡೆಸ್ಕೊ. ಇದೂ ಥಿಯೊಡಿಸ್ಕುಸ್‌ನಿಂದಲೇ ಸವೆದು ಬಂದದ್ದು. ಸ್ವೀಡನ್ನಿನ ಟಿಸ್ಕ್‌ಲಂಡ್ ಕೂಡ ಅದೇ ಬೇರು.

ಅಲೆಮಾರಿ:
ನಾನು ಡ್ರೆಸ್ಡೆನ್‌ನಲ್ಲಿ ಎರಡು ವರ್ಷ ಇದ್ದೆ, ಪ್ರಾಗ್‌ಗೆ ರೈಲಿನಲ್ಲಿ ಆಗಾಗ ಹೋಗುತ್ತಿದ್ದೆ. ಹಳಿ ಉದ್ದಕ್ಕೂ ನದಿಯ ದಡದಲ್ಲೇ ಹೋಗುತ್ತದೆ, ಒಂದು ಕಡೆ ನೀರು, ಇನ್ನೊಂದು ಕಡೆ ಮರಳುಗಲ್ಲಿನ ಕಡಿದಾದ ಬಂಡೆ. ಗಡಿ ಹತ್ತಿರದ ಬಾಡ್ ಶಾಂಡೌ ದಾಟಿದ ಮೇಲೆ ಘೋಷಣೆಯ ಭಾಷೆಯ ಸರದಿ ಬದಲಾಗುತ್ತದೆ. ಅಲ್ಲಿಯ ತನಕ ಎಲ್ಬೆ ಆಗಿದ್ದ ನದಿ ಲಾಬೆ ಆಗುತ್ತದೆ. ನಾನು ಬಿಟ್ಟು ಬಂದ ದೇಶ ನ್ಯೆಮೆಟ್ಸ್ಕೊ ಆಗುತ್ತದೆ. ವಾಪಸ್ ಬರುವಾಗ ಪ್ರಾಗ್ ನಿಲ್ದಾಣದ ಬೋರ್ಡಿನಲ್ಲಿ ಡ್ರೆಸ್ಡೆನ್ ಹುಡುಕಿದರೆ ಸಿಗಲಿಲ್ಲ. 'ಡ್ರಾಜ್‌ಜ್ಯಾನಿ' ಅಂತ ಇತ್ತು. ನನ್ನ ಊರಿನ ಹೆಸರೇ ನನಗೆ ಗೊತ್ತಿಲ್ಲದೆ ಐದು ನಿಮಿಷ ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಎದುರು ಕೂತಿದ್ದ ಚೆಕ್ ಹುಡುಗ ವಿವರಿಸಿದ. 'ನ್ಯೆಮಿ' ಅಂದರೆ ಮೂಕ. ಹಿಂದೆ ಸ್ಲಾವ್ ಜನರಿಗೆ ಇವರ ಮಾತು ಅರ್ಥವಾಗುತ್ತಿರಲಿಲ್ಲ, ಅದಕ್ಕೆ ಮೂಕರು ಅಂದರು. ಪೋಲಿಷ್, ಚೆಕ್, ಸ್ಲೊವಾಕ್, ಕ್ರೊಯೇಷಿಯನ್, ಉಕ್ರೇನಿಯನ್ ಎಲ್ಲದರಲ್ಲೂ ಇದೇ ಬೇರು, ಹಂಗೇರಿಯವರೂ ಸ್ಲಾವ್ ಪಕ್ಕದಮನೆಯವರಿಂದ ತೆಗೆದುಕೊಂಡು ನೇಮೆಟೊರ್ಸಾಗ್ ಅನ್ನುತ್ತಾರೆ. ರಷ್ಯನ್ನರು ದೇಶಕ್ಕೆ ಗೆರ್ಮಾನಿಯಾ ಅಂದರೂ ಜನಕ್ಕೆ ನೇಮೆಟ್ಸ್ ಅಂತಲೇ ಕರೆಯುತ್ತಾರೆ.

ನಾನು ಹೇಳಬೇಕೆಂದಿದ್ದು ಬೇರೆ. ಡ್ರೆಸ್ಡೆನ್ ಅನ್ನುವ ಹೆಸರೇ ಸ್ಲಾವ್ ಮೂಲದ್ದು, ಜೌಗು ಕಾಡಿನ ಜನ ಅಂತ. ಲೈಪ್‌ಜಿಗ್ ಬಂದದ್ದು 'ಲೀಪ' ಅನ್ನುವ ಮರದ ಹೆಸರಿನಿಂದ. ಬರ್ಲಿನ್ ಅಂದರೆ ಕರಡಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಊರಿನ ಲಾಂಛನದಲ್ಲೂ ಕರಡಿ ಇದೆ, ಆದರೆ ಅದೂ ಜೌಗು ನೆಲಕ್ಕೆ ಸ್ಲಾವ್ ಪದ. ಆಗಿನ ಕಾಲದಲ್ಲಿ ಅಲ್ಲೆಲ್ಲಾ ಸ್ಲಾವ್ ಜನರೇ ಇದ್ದರು. ಅವರಲ್ಲಿ ಸೋರ್ಬ್‌ಗಳು ಈಗಲೂ ಇದ್ದಾರೆ. ಬೌಟ್ಸೆನ್ ಊರಿಗೆ ಹೋದರೆ ಸ್ಟೇಷನ್ ಬೋರ್ಡಿನಲ್ಲಿ ಬೌಟ್ಸೆನ್ ಅಂತಲೂ ಬುದಿಶಿನ್ ಅಂತಲೂ ಎರಡು ಹೆಸರು ಬರೆದಿರುತ್ತದೆ. ಅಂದರೆ 'ಮೂಕರು' ಇವತ್ತಿಗೂ ತಮ್ಮ ಊರುಗಳನ್ನು, ಮೂಕರು ಅಂದವರ ಮಾತಿನಲ್ಲೇ ಕರೆಯುತ್ತಿದ್ದಾರೆ.

ಮೊದಲ ಬೆಂಚು:
ಪದಬೇಟೆ ಅವರೇ, ನಿಮ್ಮ ಬೇಲಿಯ ಸಿದ್ಧಾಂತ ಇಲ್ಲಿ ಬಿತ್ತು. ನ್ಯೆಮ್ತ್ಸಿ ಯಾವ ಬುಡಕಟ್ಟಿನ ಹೆಸರೂ ಅಲ್ಲ.

ಪದಬೇಟೆ:
ಅಷ್ಟು ಬೇಗ ಬೀಳಿಸಬೇಡಿ ಮಾರಾಯ್ರೇ. ನೆಮೆಟೆಸ್ ಅಂತ ಒಂದು ಬುಡಕಟ್ಟು ಇತ್ತು, ಸೀಸರ್ ಬರಹದಲ್ಲೇ ಬರುತ್ತದೆ. ಅದರಿಂದಲೇ ಬಂತು ಅನ್ನುವವರೂ ಇದ್ದಾರೆ.

ಮೊದಲ ಬೆಂಚು:
ನೆಮೆಟೆಸ್ ಇದ್ದದ್ದು ಈಗಿನ ಶ್ಪೈಯರ್ ಹತ್ತಿರ, ರೈನ್ ದಡದಲ್ಲಿ. ಅಲ್ಲಿಂದ ಸ್ಲಾವ್ ಜನ ಎಷ್ಟು ದೂರ! ನಡುವೆ ಅರ್ಧ ಡಜನ್ ಬೇರೆ ಗುಂಪುಗಳು. ನಿಮ್ಮ ಸಿದ್ಧಾಂತದ ಪ್ರಕಾರವೇ ಮೊದಲು ಎದುರಾದವರ ಹೆಸರು ಇಡಬೇಕಿತ್ತು ಅಲ್ವಾ? ಶಬ್ದ ಹೋಲುತ್ತದೆ ಅಂತ ಗಂಟು ಹಾಕಿದ್ದು ಅದು. ಹೆಚ್ಚಿನ ಭಾಷಾ ವಿದ್ವಾಂಸರು ಮೂಕ ಅನ್ನುವುದನ್ನೇ ಒಪ್ಪುತ್ತಾರೆ.

ಆದರೆ ಅದು ಬೈಗುಳ ಅಂತ ಹೇಳುವವರ ಜೊತೆ ನನ್ನದು ತಕರಾರು. 'ಸ್ಲಾವ್' ಅನ್ನುವುದನ್ನು 'ಸ್ಲೊವೊ', ಅಂದರೆ ಮಾತು, ಅದಕ್ಕೆ ಜೋಡಿಸುತ್ತಾರೆ. ನಾವು ಮಾತು ಬಲ್ಲವರು, ಅವರು ಬಾರದವರು. ನಮ್ಮ ಕಡೆ 'ಮ್ಲೇಚ್ಛ' ಹುಟ್ಟಿದ್ದೂ ಹೀಗೆಯೇ, ಮಾತು ತೊದಲುವವರು ಅಂತ. ಗ್ರೀಕರು ಹೊರಗಿನವರ ಮಾತು ಬರ್ ಬರ್ ಅಂತ ಕೇಳಿಸುತ್ತದೆ ಅಂತ 'ಬಾರ್ಬರೋಸ್' ಅಂದರು. ಇವೆಲ್ಲಾ ಶುರುವಿನಲ್ಲಿ ಬರೀ ಕಿವಿಯ ದೂರು. ಹೀನಾಯ ಮಾಡಿದ್ದು ಆಮೇಲೆ.

ರಷ್ಯನ್ ಉದಾಹರಣೆ ಕೇಳಿ. 1652ರಲ್ಲಿ ಮಾಸ್ಕೋ ಹೊರಗೆ ವಿದೇಶಿಯರಿಗೆ ಅಂತ ಒಂದು ಕೇರಿ ಮಾಡಿದರು. ಅದರ ಹೆಸರು ನೆಮೆಟ್ಸ್ಕಯಾ ಸ್ಲೊಬೊಡಾ. ಜರ್ಮನ್ ಕೇರಿ ಅಂತ ಅನುವಾದ ಮಾಡುತ್ತಾರೆ. ಆದರೆ ಅಲ್ಲಿ ಡಚ್ಚರು, ಇಂಗ್ಲಿಷರು, ಸ್ಕಾಟ್ಲೆಂಡಿನವರು ಎಲ್ಲರೂ ಇದ್ದರು. ಹುಡುಗ ಪೀಟರ್, ಮುಂದೆ ಮಹಾನ್ ಪೀಟರ್ ಆದವನು, ಅಲ್ಲಿಗೆ ಹೋಗಿ ದೋಸ್ತಿ ಮಾಡಿದ್ದು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗಾರ್ಡನ್ ಜೊತೆ, ಜಿನೀವಾದ ಲೆಫೋರ್ ಜೊತೆ. ರಷ್ಯನ್ ಬಾರದ ಯುರೋಪಿನವನು ಯಾರಾದರೂ ನೇಮೆಟ್ಸ್. ಅಷ್ಟೇ ಕಥೆ.

ಹಳೇ ನಕ್ಷೆ:
ಆ ಮೂಕತನ ಎಲ್ಲಿಯ ತನಕ ಪ್ರಯಾಣ ಮಾಡಿತು ಅಂತ ಹೇಳಿದರೆ ನಗುತ್ತೀರಿ. ಅರಬ್ಬಿಯಲ್ಲಿ ಜರ್ಮನಿಗೆ ಅಲ್ಮಾನಿಯಾ ಸರಿ. ಆಸ್ಟ್ರಿಯಾಗೆ? 'ಅನ್ನಮ್ಸಾ'. ಆಟೋಮನ್ ತುರ್ಕರು ಬಾಲ್ಕನ್ ಸ್ಲಾವ್ ಜನರಿಂದ 'ನೆಮ್ಚೆ' ಕಲಿತರು. ಅವರು ದಿನಾ ಗುದ್ದಾಡುತ್ತಿದ್ದದ್ದು ವಿಯೆನ್ನಾದ ಹ್ಯಾಬ್ಸ್‌ಬರ್ಗ್ ದೊರೆಗಳ ಜೊತೆ, ಹಾಗಾಗಿ ಹೆಸರು ಆಸ್ಟ್ರಿಯಾದ ಮೇಲೆ ಕೂತಿತು. ಅಲ್ಲಿಂದ ಅರಬ್ಬಿಗೆ. ಆಸ್ಟ್ರಿಯಾದವರೇ ತಮ್ಮನ್ನು 'ಓಸ್ಟರ್‌ರೈಶ್' ಅಂದರೆ ಪೂರ್ವದ ರಾಜ್ಯ ಅನ್ನುತ್ತಾರೆ. ಆ ಹೆಸರಿನ ಹಳೆಯ ರೂಪ 996ರ ಒಂದು ದಾನಪತ್ರದಲ್ಲಿದೆ. ಕೈರೋದಲ್ಲಿ ಮಾತ್ರ ಅವರು ಮೂಕರ ನಾಡಿನವರು.

ಫಿನ್ಲೆಂಡಿನ ಸಕ್ಸ ಬಗ್ಗೆ ಯಾರೂ ಬರೆಯಲಿಲ್ಲ. ಅದು ಸ್ಯಾಕ್ಸನ್ನರು ಅನ್ನುವ ಜರ್ಮನ್ ಬುಡಕಟ್ಟಿನ ಹೆಸರು. ಲ್ಯೂಬೆಕ್ ಕಡೆಯಿಂದ ಬಾಲ್ಟಿಕ್ ಸಮುದ್ರ ದಾಟಿ ವ್ಯಾಪಾರಕ್ಕೆ ಬರುತ್ತಿದ್ದವರು ತಮ್ಮ ಮಾತನ್ನೇ 'ಸಾಸೆಶ್' ಅನ್ನುತ್ತಿದ್ದರು. ಎಸ್ಟೋನಿಯಾದಲ್ಲಿ ಶತಮಾನಗಳ ಕಾಲ ಜಮೀನೆಲ್ಲಾ ಇವರ ಕೈಯಲ್ಲಿತ್ತು. ಅಲ್ಲಿ 'ಸಕ್ಸ್' ಅಂದರೆ ಧಣಿ, ದೊಡ್ಡಮನುಷ್ಯ ಅಂತಲೂ ಅರ್ಥ ಬಂತು. ಒಂದು ಕಡೆ ಮೂಕ, ಇನ್ನೊಂದು ಕಡೆ ಧಣಿ!

ಅದೇ ಸ್ಯಾಕ್ಸನ್ನರಲ್ಲಿ ಒಂದು ಪಾಲು ಇಂಗ್ಲೆಂಡಿಗೆ ಹೋಗಿತ್ತಲ್ಲ. ಹಾಗಾಗಿ ಐರಿಷ್ ಭಾಷೆಯಲ್ಲಿ ಇಂಗ್ಲೆಂಡಿಗೆ 'ಸಸನ', ವೇಲ್ಸ್‌ನವರಿಗೆ ಇಂಗ್ಲಿಷ್ ಭಾಷೆ 'ಸೈಸ್ನೆಗ್'. ಹೆಲ್ಸಿಂಕಿಯಲ್ಲಿ ಸ್ಯಾಕ್ಸನ್ ಅಂದರೆ ಜರ್ಮನ್, ಡಬ್ಲಿನ್‌ನಲ್ಲಿ ಸ್ಯಾಕ್ಸನ್ ಅಂದರೆ ಇಂಗ್ಲಿಷ್.

ಸುಮ್ನೆ ಓದ್ತೀನಿ:
ಅಲೆಮಾರಿ ಇದ್ದ ಡ್ರೆಸ್ಡೆನ್ ಇರುವುದು ಸ್ಯಾಕ್ಸನಿ ರಾಜ್ಯದಲ್ಲೇ ಅಲ್ವಾ? ಅಲ್ಲಿ ಸ್ಲಾವ್ ಜನ ಇದ್ದರು ಅಂತೀರಿ. ಸ್ಯಾಕ್ಸನ್ನರು ಎಲ್ಲಿ ಹೋದರು?

ಹಳೇ ನಕ್ಷೆ:
ಅವರು ಎಲ್ಲೂ ಹೋಗಲಿಲ್ಲ, ವಾಯವ್ಯದಲ್ಲೇ ಇದ್ದಾರೆ. ಹೆಸರು ಒಂದೇ ಎದ್ದು ಹೋಯಿತು. 1180ರಲ್ಲಿ ಚಕ್ರವರ್ತಿ ಬಾರ್ಬರೋಸಾ ಹಳೆಯ ಸ್ಯಾಕ್ಸನಿಯನ್ನು ಒಡೆದು ಹಂಚಿದ. ದೊರೆಯ ಬಿರುದು ಪೂರ್ವದ ಒಂದು ಮನೆತನಕ್ಕೆ ಹೋಯಿತು, ಅಲ್ಲಿಂದ 1423ರಲ್ಲಿ ಮೈಸೆನ್‌ನ ವೆಟಿನ್ ಮನೆತನಕ್ಕೆ. ಬಿರುದು ಬಂದಲ್ಲಿ ನಾಡಿಗೂ ಅದೇ ಹೆಸರು. ನಿಜವಾದ ಸ್ಯಾಕ್ಸನ್ನರ ನೆಲಕ್ಕೆ ಈಗ 'ಕೆಳ ಸ್ಯಾಕ್ಸನಿ' ಅನ್ನುತ್ತಾರೆ.

ಒಂದು ಪ್ರಶ್ನೆ:
ಸರಿ, 'ಜರ್ಮನ್' ಅಂದರೇನು? ಈಟಿ ಹಿಡಿದವನು ಅಂತ ಓದಿದ್ದೆ. 'ಗೇರ್' ಅಂದರೆ ಈಟಿ, 'ಮಾನ್' ಅಂದರೆ ಮನುಷ್ಯ.

ಗ್ರಂಥಾಲಯದ ಬೆಕ್ಕು:
ಕೇಳಲು ಚೆಂದ, ಆದರೆ ನಿಲ್ಲುವುದಿಲ್ಲ. ಸೀಸರ್ ಕಾಲದಲ್ಲಿ ಅವರ ಮಾತಿನಲ್ಲಿ ಈಟಿಗೆ ಇದ್ದ ಪದದಲ್ಲಿ 'ರ್' ಇರಲೇ ಇಲ್ಲ, ಅಲ್ಲಿ 'ಸ್' ಥರದ ಧ್ವನಿ ಇತ್ತು. 'ಗೇರ್' ಆದದ್ದು ಎಷ್ಟೋ ಶತಮಾನ ಕಳೆದ ಮೇಲೆ. ಅದಕ್ಕಿಂತ ಮುಖ್ಯ ವಿಷಯ, ಆ ಜನ ತಮ್ಮನ್ನು ತಾವು ಒಟ್ಟಾಗಿ ಹಾಗೆ ಕರೆದುಕೊಂಡವರೇ ಅಲ್ಲ.

ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಈ ಜನರ ಮೇಲೆ ಒಂದು ಪುಸ್ತಕವನ್ನೇ ಬರೆದ. ಜರ್ಮಾನಿಯಾ ಅನ್ನುವುದು ಹೊಸ ಹೆಸರು ಅಂತ ಅದರಲ್ಲಿ ಹೇಳುತ್ತಾನೆ. ಮೊದಲು ರೈನ್ ದಾಟಿ ಗಾಲ್ ಜನರನ್ನು ಓಡಿಸಿದ ಒಂದು ಗುಂಪಿಗೆ ಮಾತ್ರ ಜರ್ಮನ್ನರು ಅಂತ ಹೆಸರಿತ್ತು, ಆ ಗುಂಪಿಗೆ ಈಗ ಟುಂಗ್ರಿ ಅನ್ನುತ್ತಾರೆ, ಅವರ ಹೆಸರು ಎಲ್ಲರಿಗೂ ಹಬ್ಬಿತು, ಅಂತ. ಟುಂಗ್ರಿಗಳ ಊರು ಟೋಂಗೆರೆನ್ ಈಗ ಇರುವುದು ಬೆಲ್ಜಿಯಂನಲ್ಲಿ. ಪದಬೇಟೆಯವರೇ ಖುಷಿಪಡಿ, ನಿಮ್ಮ ಬೇಲಿಯ ಮಾತನ್ನು 1900 ವರ್ಷದ ಹಿಂದೆಯೇ ಒಬ್ಬರು ಹೇಳಿದ್ದಾರೆ.

ಅರ್ಥದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಗಾಲ್ ಜನ ಆಡುತ್ತಿದ್ದಂಥ ಕೆಲ್ಟಿಕ್ ನುಡಿಯಲ್ಲಿ ನೆರೆಯವರು ಅಂತ ಒಂದು ಪಕ್ಷ, ಕೂಗುವವರು ಅಂತ ಇನ್ನೊಂದು. ಸ್ಟ್ರಾಬೊ ಅನ್ನುವ ಗ್ರೀಕ್ ಭೂಗೋಳಗಾರ ಲ್ಯಾಟಿನ್ ಪದದಿಂದಲೇ ವಿವರಿಸಲು ನೋಡಿದ. ಲ್ಯಾಟಿನ್‌ನಲ್ಲಿ 'ಗೆರ್ಮಾನುಸ್' ಅಂದರೆ ಒಡಹುಟ್ಟಿದವನು, ಅಸಲಿ. ಇವರು ಅಸಲಿ ಗಾಲ್ ಜನ ಅಂತ ರೋಮನ್ನರು ಹೆಸರಿಟ್ಟರು ಅಂದ. ಅದು ಬರೀ ಶಬ್ದದ ಹೋಲಿಕೆ ಅನ್ನುವುದು ಇವತ್ತಿನ ಅಭಿಪ್ರಾಯ. ಆದರೆ ಆ ಒಡಹುಟ್ಟಿದವನು ಸ್ಪ್ಯಾನಿಷಿನಲ್ಲಿ 'ಎರ್ಮಾನೊ' ಆಗಿ ಉಳಿದಿದ್ದಾನೆ.

ಅಲೆಮಾರಿ:
ಊರ ಹೆಸರಿನ ವಿಷಯ ಬಂದದ್ದಕ್ಕೆ ಇನ್ನೊಂದು ಪೆಚ್ಚು ಅನುಭವ. ವೆರೋನಾ ನಿಲ್ದಾಣದಲ್ಲಿ ಮ್ಯೂನಿಕ್ ರೈಲಿಗೆ ಕಾಯುತ್ತಿದ್ದೆ. ಬೋರ್ಡಿನಲ್ಲಿ 'ಮೊನಾಕೊ' ಅಂತ ಬಂತು. ಸಮುದ್ರದ ದಂಡೆಯ ಆ ಪುಟ್ಟ ದೇಶಕ್ಕೆ ಹೋಗುವ ರೈಲು ಅಂತ ಆರಾಮಾಗಿ ಕೂತೆ. ರೈಲು ಬಂತು, ನಿಂತಿತು, ಹೋಯಿತು. ಆಮೇಲೆ ಗೊತ್ತಾಯಿತು, ಇಟಾಲಿಯನ್ನಿನಲ್ಲಿ ಮ್ಯೂನಿಕ್‌ಗೆ 'ಮೊನಾಕೊ ದಿ ಬಾವಿಯೆರಾ' ಅಂತ. ಬವೇರಿಯಾದ ಮೊನಾಕೊ. ತಪ್ಪು ನನ್ನದೇ, ಯಾರನ್ನು ಬೈಯಲಿ.

ಗ್ರಂಥಾಲಯದ ಬೆಕ್ಕು:
ತಪ್ಪೇನಿಲ್ಲ, ಅರ್ಥ ಸರಿಯಾಗೇ ಇದೆ. ಮ್ಯೂನಿಕ್‌ನ ಜರ್ಮನ್ ಹೆಸರು ಮ್ಯೂನ್ಶೆನ್, ಅಂದರೆ ಸನ್ಯಾಸಿಗಳ ಜಾಗ, ಇಟಾಲಿಯನ್ನಿನ 'ಮೊನಾಕೊ' ಅಂದರೂ ಸನ್ಯಾಸಿ. ಊರಿನ ಲಾಂಛನದಲ್ಲೂ ಸನ್ಯಾಸಿ ಇದ್ದಾನೆ.

ದೂರದ ಕಿವಿ:
ಯುರೋಪು ಬಿಟ್ಟು ಆಚೆ ಬನ್ನಿ. ಚೀನೀ ಭಾಷೆಯಲ್ಲಿ 'ದ-ಗುವೊ'. 'ಡಾಯ್ಚ್' ಅನ್ನುವ ಶಬ್ದದ ಮೊದಲ ತುಣುಕಿಗೆ ಹೊಂದುವ ಅಕ್ಷರ ಹಾಕಿದರು, ಆ ಅಕ್ಷರಕ್ಕೆ ಸದ್ಗುಣ ಅಂತ ಅರ್ಥ. ವಿಯೆಟ್ನಾಮಿನ 'ಡುಕ್' ಕೂಡ ಅದೇ ಅಕ್ಷರದ ಅಲ್ಲಿನ ಓದು. ಜಪಾನಿನವರು ಮೊದಲು ಕಲಿತದ್ದು ಡಚ್ಚರಿಂದ. ಹಾಗಾಗಿ 'ಡೊಯಿಟ್ಸು', ಅದಕ್ಕೆ ಬಳಸಿದ ಅಕ್ಷರದ ಅರ್ಥ ಒಂಟಿ. ದಕ್ಷಿಣ ಕೊರಿಯಾದವರು ಆ ಜಪಾನೀ ಅಕ್ಷರಗಳನ್ನೇ ತಮ್ಮ ರೀತಿ ಓದಿ 'ದೊಗಿಲ್' ಮಾಡಿಕೊಂಡರು. ಉತ್ತರ ಕೊರಿಯಾದಲ್ಲಿ ಡಾಯ್ಚ್‌ಲಾಂಡ್ ಅನ್ನುವುದನ್ನೇ ತಮ್ಮ ಉಚ್ಚಾರಣೆಯಲ್ಲಿ ಬರೆಯುತ್ತಾರೆ. ಅಂದರೆ ಒಂದೇ ಡಾಯ್ಚ್, ಬೀಜಿಂಗ್‌ನಲ್ಲಿ ಸದ್ಗುಣಿ, ಟೋಕಿಯೊದಲ್ಲಿ ಒಂಟಿ. ಅಮೆರಿಕದ ನವಾಹೊ ಜನ ಶಬ್ದದ ಗೊಡವೆಗೇ ಹೋಗಲಿಲ್ಲ, ಲೋಹದ ಟೋಪಿಯವರ ನಾಡು ಅಂದರು. ಸೈನಿಕರ ಹೆಲ್ಮೆಟ್ ನೋಡಿ ಇಟ್ಟ ಹೆಸರು.

ಮೊದಲ ಬೆಂಚು:
1871ರ ಮಾತು ಬಂದದ್ದಕ್ಕೆ ಕಿಟೆಲ್ ನೆನಪಾದರು. ನಮ್ಮ ನಿಘಂಟಿನ ಕಿಟೆಲ್. ಜರ್ಮನಿಯವರು ಅಂತ ಬರೆದು ಮುಗಿಸುತ್ತೇವೆ. ಅವರು 1832ರಲ್ಲಿ ಹುಟ್ಟಿದಾಗ ಅವರ ಊರು ಇದ್ದದ್ದು ಹ್ಯಾನೋವರ್ ರಾಜ್ಯದಲ್ಲಿ. ಪ್ರದೇಶ ಪೂರ್ವ ಫ್ರೀಸ್‌ಲ್ಯಾಂಡ್. ಅಂದರೆ ಅವರು ಅಲಮನ್ನಿಯೂ ಅಲ್ಲ, ಸ್ಯಾಕ್ಸನ್ನೂ ಅಲ್ಲ, ಇನ್ನೊಂದೇ ಬೇಲಿಯವರು. 1853ರಲ್ಲಿ ಇಲ್ಲಿಗೆ ಬಂದರು. ಅವರ ದೇಶ ಹುಟ್ಟಿದ್ದು ಅದಾಗಿ 18 ವರ್ಷಕ್ಕೆ.

ಹಳೇ ನಕ್ಷೆ:
ಹುಟ್ಟಿದ ಮೇಲೂ ಹೆಸರಿನ ಗೋಳು ತಪ್ಪಲಿಲ್ಲ. 1949ರಲ್ಲಿ ಎರಡು ದೇಶ ಆಯಿತು. ಪಶ್ಚಿಮದವರು ಮೇ 23ಕ್ಕೆ 'ಬುಂಡೆಸ್‌ರಿಪುಬ್ಲಿಕ್ ಡಾಯ್ಚ್‌ಲಾಂಡ್' ಅಂತ ಇಟ್ಟುಕೊಂಡರು. ಪೂರ್ವದವರು ಅಕ್ಟೋಬರ್ 7ಕ್ಕೆ 'ಡಾಯ್ಚೆ ಡೆಮೊಕ್ರಾಟಿಶೆ ರಿಪುಬ್ಲಿಕ್' ಅಂತ. ಹೆಸರುಗಳನ್ನು ನಿಧಾನವಾಗಿ ಓದಿ. ಡಾಯ್ಚ್‌ಲಾಂಡ್ ಅನ್ನುವ ನಾಡಿನ ಹೆಸರು ಪೂರ್ತಿ ಸಿಕ್ಕಿದ್ದು ಪಶ್ಚಿಮಕ್ಕೆ. ಪೂರ್ವಕ್ಕೆ 'ಡಾಯ್ಚೆ' ಅನ್ನುವ ವಿಶೇಷಣ ಮಾತ್ರ. ಪೂರ್ವದವರು ಪಶ್ಚಿಮವನ್ನು 'ಬೇ-ಎರ್-ಡೇ' ಅಂತ ಮೂರಕ್ಷರಕ್ಕೆ ಇಳಿಸಿ ಕರೆದರೆ ಪಶ್ಚಿಮದ ರಾಜಧಾನಿ ಬಾನ್‌ನ ಸರ್ಕಾರಕ್ಕೆ ಉರಿಯುತ್ತಿತ್ತು, ಆ ಸಂಕ್ಷೇಪ ಬಳಸಬೇಡಿ ಅಂತ ತನ್ನ ಕಚೇರಿಗಳಿಗೂ ಹೇಳಿತ್ತು. 1990ರ ಅಕ್ಟೋಬರ್ 3ಕ್ಕೆ ಎರಡೂ ಒಂದಾದಾಗ ಉಳಿದದ್ದು ಪಶ್ಚಿಮದ ಹೆಸರು.

ಒಂದು ಪ್ರಶ್ನೆ:
ಲಾಟ್ವಿಯಾದ ವಾಟ್ಸಿಯಾ ಹಾಗೇ ಉಳಿಯಿತಲ್ಲ?

ಪದಬೇಟೆ:
ಅದೂ, ಲಿಥುವೇನಿಯಾದ ವೊಕಿಯೆಟಿಯಾನೂ ಒಂದೇ ಬೇರು ಇರಬೇಕು ಅನ್ನುತ್ತಾರೆ, ಆದರೆ ಆ ಬೇರಿನ ಮೂಲ ಯಾವುದು ಅಂತ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಅಲ್ಲಿಗೆ ಬಿಡೋಣ. ಮೂಕ ವಿಷಯದಲ್ಲಿ ಮೊದಲ ಬೆಂಚು ಹೇಳಿದ್ದು ಸರಿ, ನೆಮೆಟೆಸ್ ಮಾತು ವಾಪಸ್ ತಗೊಂಡೆ.

ಅಲೆಮಾರಿ:
ಇಷ್ಟೆಲ್ಲಾ ಆದ ಮೇಲೆ ಒಂದು ಡೌಟು. ಎಲ್ಲರೂ ಜರ್ಮನ್ನರಿಗೆ ಹೆಸರಿಟ್ಟರು. ಜರ್ಮನ್ನರು ಪಕ್ಕದವರಿಗೆ ಏನಂದರು?

ಗ್ರಂಥಾಲಯದ ಬೆಕ್ಕು:
'ವಾಲ್ಹ್' ಅಂದರು. ಅದೂ ಮೊದಲು ವೊಲ್ಕೆ ಅನ್ನುವ ಒಂದು ಕೆಲ್ಟಿಕ್ ಬುಡಕಟ್ಟಿನ ಹೆಸರು ಅಂತ ವಿದ್ವಾಂಸರ ಊಹೆ, ಆಮೇಲೆ ಕೆಲ್ಟ್ ಆಗಲಿ ರೋಮನ್ ಆಗಲಿ, ಮಾತು ಅರ್ಥವಾಗದ ಎಲ್ಲರಿಗೂ ಅದೇ. ಬ್ರಿಟನ್ನಿನ ವೇಲ್ಸ್, ಬೆಲ್ಜಿಯಂನ ವಲೋನಿಯಾ ಎರಡೂ ಅಲ್ಲಿಂದ ಬಂದವು. ಪೋಲಿಷ್ ಜನ ಆ ಪದ ಎತ್ತಿಕೊಂಡು ಇಟಲಿಗೆ 'ವ್ವೊಹಿ' ಅಂತ ಇಟ್ಟರು. ಪದಬೇಟೆ ಮೊದಲ ಸಾಲಿನಲ್ಲೇ ಇಟಲಿ ಎಲ್ಲಾ ಕಡೆ ಇಟಲಿ ಅಂದಿದ್ದರು, ಅದನ್ನು ತಿದ್ದಬೇಕು. ಅರ್ಥವಾಗದ ಗೊಂದಲದ ಮಾತಿಗೆ ಜರ್ಮನ್ನಿನಲ್ಲಿ ಇವತ್ತಿಗೂ 'ಕೌಡರ್‌ವೆಲ್ಶ್' ಅನ್ನುತ್ತಾರೆ. ಆಕ್ರೋಟಿನ ಹೆಸರೂ ಹಾಗೆಯೇ. ವಾಲ್‌ನಟ್ ಅಂದರೆ ವಾಲ್ಹ್ ಕಡೆಯವರ ಕಾಯಿ.

ಪದಬೇಟೆ:
ಇಟಲಿ ತಿದ್ದಿದೆ. ಫ್ರಾನ್ಸ್‌ಗೂ ಗ್ರೀಕರು ಗಾಲಿಯಾ ಅನ್ನುತ್ತಾರೆ ಅಂತ ಈಗ ನೆನಪಾಯಿತು, ನನ್ನ ಮೊದಲ ಎರಡು ಸಾಲು ಪೂರ್ತಿ ಹೋಯಿತು.